ಮನೆ ಕೀಲಿಗೊಂದು, ಅಕ್ಕನಿಗೊಂದು, ಮಾವನಿಗೊಂದು: ನಮ್ಮ ಕಡೆಯ ಸ್ಪಾರ್ಕ್ಲಿಂಗ್ ವೈನ್ ಬಗ್ಗೆ

ಕಳೆದ ಹತ್ತು ಹನ್ನೊಂದು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಏನಾದರೂ ದೊಡ್ಡದು ಬದಲಾದಾಗೆಲ್ಲ ಒಂದು ಬಾಟಲಿ ಸ್ಪಾರ್ಕ್ಲಿಂಗ್ ವೈನ್, ಅಂದರೆ ಗುಳ್ಳೆ ಏಳುವ ವೈನ್, ತೆಗೆದಿದ್ದೇವೆ. ಹುಟ್ಟುಹಬ್ಬ, ಹೊಸ ವರ್ಷಕ್ಕೆ ಅಲ್ಲ. ಮನೆ ಬದಲಾದಾಗ, ಕೆಲಸ ಬಿಟ್ಟಾಗ, ಮದುವೆ ಮುರಿದಾಗ, ಒಬ್ಬರು ಮುಂಬೈ ಬಿಟ್ಟು ಊರಿಗೆ ಹೊರಟಾಗ. ಎಲ್ಲವೂ ಖುಷಿಯ ದಿನಗಳಲ್ಲ. ಆದರೂ ತೆಗೆದೆವು, ತೆಗೆದದ್ದು ಸರಿಯಾಯಿತು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಯಾವ ಬಾಟಲಿ ಹೇಗಿತ್ತು, ಯಾವ ತಿಂಡಿಗೆ ಹೊಂದಿತು, ಎಲ್ಲಿ ದುಡ್ಡು ಹೋಯಿತು, ಬಿರಡೆ ಹೇಗೆ ತೆಗೆಯಬೇಕು ಅಂತ ಮುಂಬೈ ಪುಣೆ ಕಡೆಯ ನಮ್ಮವರು ಆಗಾಗ ಕೇಳುತ್ತಾರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಾಯಿಮಾತಿಗೆ ನಾವೆಲ್ಲ ಶಾಂಪೇನ್ ಅಂತೀವಿ, ಅಲ್ವಾ? ನಿಜವಾದ ಶಾಂಪೇನ್ ಬರುವುದು ಫ್ರಾನ್ಸಿನಲ್ಲಿ ಪ್ಯಾರಿಸ್‌ನಿಂದ ಪೂರ್ವಕ್ಕಿರುವ ಶಾಂಪೇನ್ ಅನ್ನುವ ಸೀಮೆಯಿಂದ ಮಾತ್ರ. ಬೇರೆ ಕಡೆ ಮಾಡಿದ್ದು ಎಷ್ಟೇ ಚೆನ್ನಾಗಿದ್ದರೂ ಸ್ಪಾರ್ಕ್ಲಿಂಗ್ ವೈನ್. ಹೊರದೇಶದ ವೈನ್ ಮೇಲೆ ನಮ್ಮಲ್ಲಿ ವರ್ಷಗಟ್ಟಲೆ 150 ಪ್ರತಿಶತ ಆಮದು ಸುಂಕ ಇತ್ತು, ಅದರ ಮೇಲೆ ರಾಜ್ಯದ ಅಬಕಾರಿ. ಹಾಗಾಗಿ ಒಂದು ಫ್ರೆಂಚ್ ಬಾಟಲಿ ತರುವ ದುಡ್ಡಿನಲ್ಲಿ ನಮ್ಮ ನಾಸಿಕ್‌ನಲ್ಲಿ ಮಾಡಿದವು ಹಲವು ಬರುತ್ತವೆ. ನಾನು ಎರಡೂ ಕುಡಿದು ನೋಡಿದ್ದೇನೆ. ನಮ್ಮಂಥ ಮನೆಗಳಿಗೆ ನಾಸಿಕ್‌ನದು ಸಾಕು. ಸಾಕು ಅಂದರೆ ಅಡ್ಜಸ್ಟ್ ಮಾಡಿಕೊಳ್ಳುವುದಲ್ಲ, ನಿಜವಾಗಿಯೂ ಚೆನ್ನಾಗಿದೆ.

ಮೊದಲನೇ ಬಾಟಲಿ ನಾಸಿಕ್‌ನ ಸುಲಾ ಕಂಪನಿಯ ಸಿಹಿ ಕಡಿಮೆ ಇರುವ ವೈನ್, ಸುಲಾ ಬ್ರೂಟ್, 2014ರಲ್ಲಿ. ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಫ್ಲ್ಯಾಟಿನ ಕೀಲಿ ಕೈಗೆ ಸಿಕ್ಕಿದ ದಿನ. ಬೆಳಿಗ್ಗೆ ಗಣಹೋಮ ಆಯಿತು, ಹಾಲು ಉಕ್ಕಿಸಿದೆವು, ಬಂದವರೆಲ್ಲ ಊಟ ಮಾಡಿ ಹೋದರು. ಸಂಜೆ ಖಾಲಿ ಮನೆಯಲ್ಲಿ ನಾನು, ನನ್ನ ಗಂಡ, ನನ್ನ ಅಕ್ಕ ಮೂವರೇ. ಹದಿನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದು ಬಂದವರು ನಾವು, ಪ್ರತಿ ಹನ್ನೊಂದು ತಿಂಗಳಿಗೆ ಅಗ್ರಿಮೆಂಟ್ ಮುಗಿದಾಗ ಪಾತ್ರೆ ಕಟ್ಟಿದವರು. ಈ ಸಂಜೆಗೆ ಏನಾದರೂ ಬೇಕು ಅನಿಸಿ ಗಂಡ ಬಾಟಲಿ ತಂದರು. ಆದರೆ ಹೊಸ ಮನೆಗೆ ಫ್ರಿಜ್ ಇನ್ನೂ ಬಂದಿರಲಿಲ್ಲ. ಏಪ್ರಿಲ್ ತಿಂಗಳು. ಬಾಟಲಿ ಆಟೋದಲ್ಲಿ ಗುಂಡಿಗಳ ಮೇಲೆ ಕುಲುಕಿಕೊಂಡು ಬಂದಿತ್ತು, ನಲ್ಲಿ ನೀರಿನ ಬಕೆಟ್‌ನಲ್ಲಿ ಅರ್ಧ ಗಂಟೆ ಇಟ್ಟದ್ದು ಬಿಟ್ಟರೆ ತಣ್ಣಗೇ ಮಾಡಿರಲಿಲ್ಲ. ತಂತಿ ಬಿಚ್ಚಿದ್ದೇ ತಡ, ಬಿರಡೆ ಹೋಗಿ ಛಾವಣಿಗೆ ಬಡಿಯಿತು, ಅರ್ಧಕ್ಕಿಂತ ಜಾಸ್ತಿ ವೈನ್ ನೊರೆಯಾಗಿ ನೆಲಕ್ಕೆ ಹೋಯಿತು. ಉಳಿದದ್ದನ್ನು ಸ್ಟೀಲ್ ಲೋಟಕ್ಕೆ ಹಾಕಿಕೊಂಡು ಕುಡಿದರೆ ಬೆಚ್ಚಗೆ, ಹುಳಿ ಹುಳಿ. ಅಕ್ಕ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಅಷ್ಟು ವರ್ಷ ಕಾದು ಬಂದ ದಿನ ಹೀಗಾಯಿತಲ್ಲ ಅಂತ ನನಗೆ ಬಹಳ ಬೇಜಾರಾಗಿತ್ತು.

ಅದು ವೈನಿನ ತಪ್ಪಲ್ಲ ಅಂತ ಹೇಳಿಕೊಟ್ಟವರು ನಮ್ಮ ಸೋದರಮಾವ. ಅಂಧೇರಿ ಕಡೆಯ ಒಂದು ಪರ್ಮಿಟ್ ರೂಮಿನಲ್ಲಿ ಅವರು ಕ್ಯಾಪ್ಟನ್, ಅಂದರೆ ವೇಟರ್‌ಗಳ ಮುಖ್ಯಸ್ಥ, ಆಗಿದ್ದರು. ಹೊರಗಿನವರಿಗಾಗಿ ಹೇಳುತ್ತೇನೆ, ಮುಂಬೈಯಲ್ಲಿ ಬಾರ್‌ಗೆ ಪರ್ಮಿಟ್ ರೂಮ್ ಅನ್ನುತ್ತಾರೆ. 1949ರ ಪಾನನಿಷೇಧ ಕಾಯ್ದೆ ಇಲ್ಲಿ ಇನ್ನೂ ಇದೆ, ಆ ಕಾಯ್ದೆಯ ಪ್ರಕಾರ ಕುಡಿಯುವವರ ಹತ್ತಿರ ಪರ್ಮಿಟ್ ಇರಬೇಕು, ಹೆಸರು ಅಲ್ಲಿಂದ ಬಂದದ್ದು. ಮುಂಬೈಯ ಇಂಥ ಎಷ್ಟೋ ಜಾಗಗಳನ್ನು ಉಡುಪಿ, ಮಂಗಳೂರು ಕಡೆಯ ನಮ್ಮವರೇ ನಡೆಸುತ್ತಾರೆ. ಮಾವ ಕುಂದಾಪುರದ ಹತ್ತಿರದ ಹಳ್ಳಿಯಿಂದ 1983ರಲ್ಲಿ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಹಾಗೆ ಮೆಟ್ರಿಕ್ ಮುಗಿಸಿ ಕ್ಯಾಪ್ಟನ್ ಆದವರು.

ನನ್ನ ಕಥೆ ಕೇಳಿ ಅವರು ಹೇಳಿದ್ದು ಇಷ್ಟೇ: "ಅದ್ರೊಳಗೆ ಎಷ್ಟು ಗ್ಯಾಸ್ ಉಂಟು ಗೊತ್ತುಂಟಾ ಮಗಾ? ತಣ್ಣಗಿದ್ರೆ ಮಲಗಿರ್ತದೆ. ಬಿಸಿ ಆದ್ರೆ ಎದ್ದು ಓಡ್ತದೆ."

ಬಾಟಲಿಯೊಳಗೆ ಸುಮಾರು ಐದಾರು ಪಟ್ಟು ವಾತಾವರಣದ ಒತ್ತಡ ಇರುತ್ತದೆ, ಅಂದರೆ ಕಾರಿನ ಟಯರಿನ ಎರಡರಷ್ಟಕ್ಕೂ ಜಾಸ್ತಿ. ಅದಕ್ಕೇ ಈ ಬಾಟಲಿಗಳ ಗಾಜು ಅಷ್ಟು ದಪ್ಪ, ತಳದಲ್ಲಿ ಒಳಕ್ಕೆ ಗುಳಿ, ಬಿರಡೆ ಮೇಲೆ ತಂತಿಯ ಪಂಜರ. ಮಾವ ಕಲಿಸಿದ ಕ್ರಮ ಇದು, ನಾನು ಇವತ್ತಿಗೂ ಹೀಗೇ ಮಾಡುವುದು. ಬಾಟಲಿಯನ್ನು ಫ್ರಿಜ್ಜಿನಲ್ಲಿ ಮೂರು ನಾಲ್ಕು ಗಂಟೆ ಮಲಗಿಸಿಡಿ. ಅವಸರ ಇದ್ದರೆ ಬಕೆಟಿಗೆ ಅರ್ಧ ಐಸು, ಅರ್ಧ ನೀರು ಹಾಕಿ ಕುತ್ತಿಗೆವರೆಗೆ ಮುಳುಗಿಸಿ ಅರ್ಧ ಗಂಟೆ ಬಿಡಿ. ಬರೀ ಐಸು ಹಾಕಿದರೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರಿದ್ದರೆ ಸುತ್ತಲೂ ತಣ್ಣಗಾಗುತ್ತದೆ. ಆರರಿಂದ ಎಂಟು ಡಿಗ್ರಿಗೆ ಬಂದರೆ ಸಾಕು. ಆಮೇಲೆ ಮೇಲಿನ ಹಾಳೆ ತೆಗೆದು, ತಂತಿಯ ಕಿವಿಯನ್ನು ಆರು ಅರ್ಧ ಸುತ್ತು ತಿರುಗಿಸಿ ಸಡಿಲ ಮಾಡಿ. ಇಲ್ಲಿಂದ ಮುಂದೆ ಹೆಬ್ಬೆರಳು ಬಿರಡೆಯ ಮೇಲಿಂದ ಏಳಬಾರದು, ಒಂದು ಕ್ಷಣವೂ ಏಳಬಾರದು. ಬಾಟಲಿಯನ್ನು ಓರೆಯಾಗಿ ಹಿಡಿದು, ಬಾಯಿ ಯಾರ ಕಡೆಗೂ ಇಲ್ಲದ ಹಾಗೆ ನೋಡಿಕೊಂಡು, ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯ ತಳವನ್ನು ಮೆಲ್ಲಗೆ ತಿರುಗಿಸಿ. ಬಿರಡೆ ತಾನಾಗಿ ಮೇಲೆ ಬರುತ್ತದೆ. ನೀವು ಅದನ್ನು ತಡೆದು ಹಿಡಿಯಬೇಕು, ಎಳೆಯಬಾರದು. ಸರಿಯಾಗಿ ತೆಗೆದರೆ ಪಟಾಕಿ ಸದ್ದು ಬರುವುದಿಲ್ಲ, ಒಂದು ಉಸಿರು ಬಿಟ್ಟ ಹಾಗೆ ಉಸ್ ಅನ್ನುತ್ತದೆ ಅಷ್ಟೆ.

ಈಗ ಮದುವೆ ಹಾಲ್‌ಗಳಲ್ಲಿ ಬಾಟಲಿ ಕುಲುಕಿ ಎಲ್ಲರ ಮೇಲೆ ಚಿಮ್ಮಿಸುತ್ತಾರೆ. ಆ ಪದ್ಧತಿ ಕಾರ್ ರೇಸಿನಿಂದ ಬಂದದ್ದು, 1967ರಲ್ಲಿ ಫ್ರಾನ್ಸಿನ ಲ ಮಾನ್ ರೇಸ್ ಗೆದ್ದ ಡ್ಯಾನ್ ಗರ್ನಿ ಹಾಗೆ ಮಾಡಿ ಅದು ರೂಢಿಯಾಯಿತು. ನನಗೆ ಅದನ್ನು ನೋಡಿದರೆ ಸಂಕಟ ಆಗುತ್ತದೆ. ಆ ಬಿರಡೆ ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು, ಅದು ಒಂದು. ಇನ್ನೊಂದು, ಆ ಗುಳ್ಳೆ ಒಳಗೆ ಸೇರಲು ಎಷ್ಟು ತಿಂಗಳು ಹಿಡಿಯುತ್ತದೆ ಅಂತ ಗೊತ್ತಿದ್ದವರು ಹಾಗೆ ಚೆಲ್ಲುವುದಿಲ್ಲ.

ಅದು ನನಗೆ ಗೊತ್ತಾದದ್ದು ನಾಸಿಕ್‌ಗೆ ಹೋದಾಗ. ಗಂಗಾಪುರ ಅಣೆಕಟ್ಟಿನ ಹತ್ತಿರ ಸುಲಾದ ತೋಟ ಇದೆ, ಥಾಣೆಯಿಂದ ಕಸಾರಾ ಘಾಟಿ ಹತ್ತಿ ಹೋದರೆ ಮೂರೂವರೆ ಗಂಟೆ. ರಾಜೀವ್ ಸಾಮಂತ್ ಅಮೆರಿಕದ ಕೆಲಸ ಬಿಟ್ಟು ಬಂದು ಅಪ್ಪನ ಜಮೀನಿನಲ್ಲಿ ಶುರು ಮಾಡಿದ್ದು, 2000ದಲ್ಲಿ ಮೊದಲ ವೈನ್ ಹೊರಗೆ ಬಂತು. ತಾಯಿ ಸುಲಭಾ ಅವರ ಹೆಸರಿನಿಂದ ಸುಲಾ ಆಯಿತು. ಅಲ್ಲಿ ನಮ್ಮ ಗುಂಪಿಗೆ ವಿವರಿಸಿದ್ದನ್ನು ನಾನು ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಹೀಗೆ: ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬುತ್ತದಲ್ಲ, ಅದೇ ಕೆಲಸ. ಇಡ್ಲಿ ಹಿಟ್ಟಿನ ಗ್ಯಾಸು ಹೊರಗೆ ಹೋಗುತ್ತದೆ, ಇಲ್ಲಿ ಹೋಗಲು ಬಿಡುವುದಿಲ್ಲ. ಮೊದಲು ಮಾಮೂಲಿ ವೈನ್ ಮಾಡುತ್ತಾರೆ. ಅದಕ್ಕೆ ಸ್ವಲ್ಪ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿ, ಸೋಡಾ ಬಾಟಲಿಗೆ ಹಾಕುವಂಥ ತಗಡಿನ ಮುಚ್ಚಳ ಹಾಕಿ ತಂಪಾದ ಕತ್ತಲೆ ಕೋಣೆಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಗ್ಯಾಸು ಬಿಡುತ್ತದೆ, ಆ ಗ್ಯಾಸಿಗೆ ಹೋಗಲು ದಾರಿಯಿಲ್ಲ, ವೈನಿನಲ್ಲೇ ಕರಗುತ್ತದೆ. ಆಮೇಲೆ ಬಾಟಲಿಯನ್ನು ನಿಧಾನವಾಗಿ ತಿರುಗಿಸುತ್ತ ತಲೆಕೆಳಗೆ ಮಾಡುತ್ತಾರೆ, ಸತ್ತ ಯೀಸ್ಟ್ ಎಲ್ಲ ಕುತ್ತಿಗೆಗೆ ಬಂದು ಕೂರುತ್ತದೆ. ಕುತ್ತಿಗೆಯನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಆ ಗಷ್ಟು ಒತ್ತಡಕ್ಕೆ ಹೊರಗೆ ಹಾರುತ್ತದೆ. ಕೊನೆಗೆ ಚೂರು ಸಿಹಿ ವೈನ್ ತುಂಬಿಸಿ ಬಿರಡೆ ಹಾಕಿ ತಂತಿ ಕಟ್ಟುತ್ತಾರೆ. ಫ್ರಾನ್ಸಿನಲ್ಲಿ ಶಾಂಪೇನ್ ಮಾಡುವುದೂ ಹೀಗೇ. ಅಮ್ಮ ಎಲ್ಲ ಕೇಳಿಸಿಕೊಂಡು, "ಇಷ್ಟೆಲ್ಲ ಮಾಡ್ತಾರಾ ಒಂದು ಬಾಟ್ಲಿಗೆ?" ಅಂದಳು. ಅವಳು ಕುಡಿಯುವುದಿಲ್ಲ. ಆದರೆ ಅವತ್ತಿನಿಂದ ಬಾಟಲಿ ತೆಗೆಯುವಾಗ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ.

ಸರಿಯಾಗಿ ತಣ್ಣಗೆ ಮಾಡಿ ಕುಡಿದಾಗ ಸುಲಾ ಬ್ರೂಟ್ ಬೇರೆಯೇ ವೈನ್. ಹಸಿರು ಸೇಬು, ನಿಂಬೆ ಸಿಪ್ಪೆ, ಕೊನೆಯಲ್ಲಿ ಸ್ವಲ್ಪ ಬ್ರೆಡ್ಡಿನ ವಾಸನೆ. ಗುಳ್ಳೆ ಸ್ವಲ್ಪ ದೊಡ್ಡವು, ಬೇಗ ಇಳಿಯುತ್ತವೆ. ಬ್ರೂಟ್ ಅಂದರೆ ಸಕ್ಕರೆ ಕಡಿಮೆ, ಲೀಟರಿಗೆ 12 ಗ್ರಾಂ ಒಳಗೆ. ಸಿಹಿ ಇರುತ್ತದೆ ಅಂದುಕೊಂಡು ಕುಡಿದವರಿಗೆ ಮೊದಲ ಗುಟುಕು ಹುಳಿ ಅನಿಸುತ್ತದೆ, ಎರಡನೇ ಗುಟುಕಿಗೆ ಅಭ್ಯಾಸ ಆಗುತ್ತದೆ. ಎಲ್ಲಾ ಕಡೆ ಸಿಗುತ್ತದೆ, ಜನ ಜಾಸ್ತಿ ಇರುವ ಸಂಜೆಗೆ ಎರಡು ಬಾಟಲಿ ತಂದರೂ ಕೈ ಸುಡುವುದಿಲ್ಲ. ನನ್ನ ಮಟ್ಟಿಗೆ ಮನೆ ಕೀಲಿ, ಪ್ರಮೋಶನ್, ರಿಸಲ್ಟ್ ಇಂಥದ್ದಕ್ಕೆಲ್ಲ ಇದೇ ಸರಿ.

ಇನ್ನು ಅಕ್ಕನ ಬಾಟಲಿ.

2019ರಲ್ಲಿ ಅಕ್ಕನ ವಿಚ್ಛೇದನ ಆಯಿತು. ನಾಲ್ಕು ವರ್ಷ ಬಾಂದ್ರಾದ ಫ್ಯಾಮಿಲಿ ಕೋರ್ಟಿಗೆ ಅಲೆದಿದ್ದಳು. ಆರ್ಡರ್ ಕೈಗೆ ಬಂದ ದಿನ ನಮ್ಮ ಮನೆಗೆ ಬಂದು ಸೋಫಾದ ಮೇಲೆ ಸುಮ್ನೆ ಕೂತಿದ್ದಳು, ಅಳುವುದೂ ಇಲ್ಲ, ಮಾತೂ ಇಲ್ಲ. ಊರಿನಿಂದ ಫೋನ್ ಬಂದರೆ ಎತ್ತಲಿಲ್ಲ. ಏನು ಮಾಡಬೇಕು ಅಂತ ನನಗೂ ತಿಳಿಯಲಿಲ್ಲ. ಸಾವಾದರೆ ಒಂದು ಕ್ರಮ ಇದೆ, ಮದುವೆಗೆ ಒಂದು ಕ್ರಮ ಇದೆ, ಇದಕ್ಕೆ ನಮ್ಮಲ್ಲಿ ಏನೂ ಇಲ್ಲ. ಅಡುಗೆ ಮಾಡಿದರೆ ತಿನ್ನುವುದಿಲ್ಲ, ದೇವಸ್ಥಾನಕ್ಕೆ ಹೋಗೋಣ ಅಂದರೆ ಬರುವುದಿಲ್ಲ. ಫ್ರಿಜ್ಜಿನಲ್ಲಿ ಚಂದೋನ್ ಕಂಪನಿಯ ಒಂದು ರೋಸೆ, ಅಂದರೆ ಎಳೆಗೆಂಪು ಬಣ್ಣದ ಸ್ಪಾರ್ಕ್ಲಿಂಗ್ ವೈನ್, ಇತ್ತು, ನನ್ನ ಮದುವೆಯ ವಾರ್ಷಿಕೋತ್ಸವಕ್ಕೆ ಅಂತ ತಂದಿಟ್ಟದ್ದು. ಅದನ್ನು ತೆಗೆದುಕೊಂಡು ಬಾಲ್ಕನಿಗೆ ಕರೆದೆ. "ಇದಕ್ಕೆಲ್ಲ ಯಾರಾದ್ರೂ ಬಾಟ್ಲಿ ತೆಗೀತಾರೇನೇ?" ಅಂದಳು. "ನಾವು ತೆಗೀತೇವೆ" ಅಂದೆ.

ಆ ಸಂಜೆ ಮಳೆ ಬಂದು ನಿಂತಿತ್ತು, ಯೇವೂರು ಬೆಟ್ಟದ ಮೇಲೆ ಮೋಡ ಕೂತಿತ್ತು. ಬಿರಡೆ ಉಸ್ ಅಂತ ಬಂತು. ಗ್ಲಾಸಿಗೆ ಹಾಕಿದಾಗ ಅದರ ಬಣ್ಣ, ನೋಡಬೇಕು ನೀವು, ಬಲಿಯುತ್ತಿರುವ ಜಂಬುನೇರಳೆಯ ಎಳೆಗೆಂಪು. ಸ್ಟ್ರಾಬೆರಿ ವಾಸನೆ, ಸ್ವಲ್ಪ ಕಿತ್ತಳೆ ಸಿಪ್ಪೆ. ಸುಲಾ ಬ್ರೂಟ್‌ಗಿಂತ ಗುಳ್ಳೆ ಸಣ್ಣವು, ದಾರ ಎಳೆದ ಹಾಗೆ ತಳದಿಂದ ಮೇಲಕ್ಕೆ ಬರುತ್ತಲೇ ಇರುತ್ತವೆ, ಬಾಯಲ್ಲಿ ಮೆತ್ತಗೆ ಇರುತ್ತದೆ. ಅಕ್ಕ ಗ್ಲಾಸನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಆ ಗುಳ್ಳೆಗಳನ್ನೇ ನೋಡಿದಳು. ಅರ್ಧ ಗ್ಲಾಸ್ ಆದ ಮೇಲೆ ಅತ್ತಳು. ಆಮೇಲೆ ನಾಳೆ ಬ್ಯಾಂಕಿಗೆ ಹೋಗಿ ಹೆಸರು ಬದಲಾಯಿಸಬೇಕು, ಆಧಾರ್ ಬದಲಾಯಿಸಬೇಕು ಅಂತ ಲೆಕ್ಕ ಹಾಕಲು ಶುರು ಮಾಡಿದಳು. ಈ ಬಾಟಲಿಯ ಗುಣ ಏನೆಂದರೆ, ಒಮ್ಮೆ ತೆಗೆದರೆ ಮುಚ್ಚಿಡಲು ಆಗುವುದಿಲ್ಲ. ವಿಸ್ಕಿ ಆದರೆ ಒಂದು ಪೆಗ್ ಹಾಕಿ ಒಳಗಿಡಬಹುದು. ಇದು ಹಾಗಲ್ಲ, ಮುಗಿಯುವವರೆಗೆ ಇಬ್ಬರೂ ಕೂತಿರಲೇಬೇಕು. ನಾವು ರಾತ್ರಿ ಹನ್ನೊಂದರವರೆಗೆ ಕೂತಿದ್ದೆವು. ಅವತ್ತು ನಮಗೆ ಬೇಕಾಗಿದ್ದದ್ದೂ ಅದೇ.

ಚಂದೋನ್ ಅಂದರೆ ಫ್ರಾನ್ಸಿನ ಮೊಯೆತ್ ಚಂದೋನ್ ಮನೆತನದ್ದೇ, ಆದರೆ ದ್ರಾಕ್ಷಿ ನಮ್ಮದು. 1959ರಲ್ಲಿ ಅರ್ಜೆಂಟೀನಾದಲ್ಲಿ ಶುರು ಮಾಡಿ ಒಂದೊಂದೇ ದೇಶಕ್ಕೆ ಹೋದರು, 2013ರಲ್ಲಿ ನಾಸಿಕ್‌ನ ದಿಂಡೋರಿಯದು ಮಾರುಕಟ್ಟೆಗೆ ಬಂತು. ಸುಲಾ ಬ್ರೂಟ್‌ಗಿಂತ ಬೆಲೆ ಜಾಸ್ತಿ, ಆದರೆ ಜಾಸ್ತಿ ಕೊಟ್ಟದ್ದು ಗ್ಲಾಸಿನಲ್ಲಿ ಕಾಣುತ್ತದೆ. ಇಬ್ಬರೇ ಕೂತು ಕುಡಿಯುವ ಸಂಜೆಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ಮೋಸ ಹೋದ ಒಂದು ಸಲದ ಬಗ್ಗೆಯೂ ಹೇಳಬೇಕು. ಗಂಡ ಕೆಲಸ ಬಿಟ್ಟು ಸ್ವಂತ ಅಕೌಂಟ್ಸ್ ಆಫೀಸು ಶುರು ಮಾಡಿದ ದಿನ, ಹತ್ತಿರದ ಒಂದು ಅಂಗಡಿಯಿಂದ ಇದೇ ಥರದ ರೋಸೆ ಬಾಟಲಿ ತಂದೆ. ಅವರು ಅದನ್ನು ಪಶ್ಚಿಮದ ಬಿಸಿಲು ಬೀಳುವ ಗಾಜಿನ ಶೋಕೇಸಿನಲ್ಲಿ ನಿಲ್ಲಿಸಿಟ್ಟಿದ್ದರು, ಚಂದ ಕಾಣಲಿ ಅಂತ. ಮನೆಗೆ ತಂದು ತೆಗೆದರೆ ಸದ್ದೂ ಇಲ್ಲ, ಗುಳ್ಳೆಯೂ ಇಲ್ಲ, ಬೇಯಿಸಿದ ಎಲೆಕೋಸಿನ ವಾಸನೆ. ವಾಪಸ್ ಒಯ್ದರೆ ಓಪನ್ ಮಾಡಿದ್ದು ತೆಗೆದುಕೊಳ್ಳುವುದಿಲ್ಲ ಅಂದರು. ಓಪನ್ ಮಾಡದೆ ಹಾಳಾಗಿದೆ ಅಂತ ಹೇಗೆ ತಿಳಿಯುವುದು? ಅರ್ಧ ಗಂಟೆ ವಾದ ಮಾಡಿದೆ, ಏನೂ ಆಗಲಿಲ್ಲ. ಅವತ್ತಿನ ದುಡ್ಡಿಗಿಂತ ಅವತ್ತಿನ ಸಂಜೆ ಹೋದದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ. ಬಿಸಿಲು, ಟ್ಯೂಬ್‌ಲೈಟು, ಬಿಸಿ ಈ ಮೂರೂ ಈ ವೈನಿಗೆ ಶತ್ರು, ಅದರಲ್ಲೂ ಬಿಳಿ ಗಾಜಿನ ಬಾಟಲಿಗೆ. ಈಗ ನಾನು ಎಸಿ ಇರುವ, ಮಾಲು ಬೇಗ ಖಾಲಿಯಾಗುವ ಅಂಗಡಿಗೇ ಹೋಗುತ್ತೇನೆ. ಶೋಕೇಸಿನದು ಬೇಡ, ಒಳಗಿನ ಪೆಟ್ಟಿಗೆಯದು ಕೊಡಿ ಅಂತ ಕೇಳುತ್ತೇನೆ, ಲೇಬಲ್ ಮೇಲಿನ ತಾರೀಕು ನೋಡುತ್ತೇನೆ. ಇಟ್ಟಷ್ಟೂ ಒಳ್ಳೆಯದಾಗುತ್ತದೆ ಅನ್ನುವುದು ಈ ಬಾಟಲಿಗಳಿಗೆ ಹೊಂದುವ ಮಾತಲ್ಲ. ತಂದ ವರ್ಷವೇ ಕುಡಿದುಬಿಡಿ.

ಪರ್ಮಿಟ್ ವಿಷಯ ಕೇಳುವವರಿಗೆ: ಒಂದು ದಿನದ್ದು 5 ರೂಪಾಯಿ, ಅಂಗಡಿಯಲ್ಲೇ ಸಿಗುತ್ತದೆ, ಇಡೀ ಜೀವಮಾನದ್ದು 1,000 ರೂಪಾಯಿ. ಮಹಾರಾಷ್ಟ್ರದಲ್ಲಿ ವೈನಿಗೆ ವಯಸ್ಸು 21 ಆಗಿರಬೇಕು. 2022ರ ಜನವರಿಯಲ್ಲಿ ಸೂಪರ್‌ಮಾರ್ಕೆಟ್‌ಗಳಲ್ಲೂ ವೈನ್ ಮಾರಬಹುದು ಅಂತ ಸರ್ಕಾರ ತೀರ್ಮಾನ ಮಾಡಿತ್ತು, ವಿರೋಧ ಬಂದು ಅದು ನಿಂತುಹೋಯಿತು.

ತಿಂಡಿಯ ವಿಷಯಕ್ಕೆ ಬಂದರೆ ನಾನು ಜೋರಾಗಿಯೇ ಹೇಳುತ್ತೇನೆ. ಕೇಕ್ ಬೇಡ. ಎಲ್ಲರೂ ಕೇಕ್ ಕತ್ತರಿಸಿ ಬಾಟಲಿ ತೆಗೆಯುತ್ತಾರೆ, ಆಮೇಲೆ ವೈನ್ ಹುಳಿ ಅಂತ ಮುಖ ಸಿಂಡರಿಸುತ್ತಾರೆ. ಬಾಯಲ್ಲಿ ಕ್ರೀಮಿನ ಸಿಹಿ ಇದ್ದಾಗ ಬ್ರೂಟ್ ಕುಡಿದರೆ ಹುಳಿ ಅನಿಸದೆ ಇನ್ನೇನು? ಹೋಳಿಗೆ, ಕಾಶಿ ಹಲ್ವ ತಿಂದು ಕುಡಿದರೂ ಹಾಗೇ. ಸಿಹಿಯ ಜೊತೆಗೇ ಬೇಕು ಅಂದರೆ ಡೆಮಿ ಸೆಕ್ ಅಂತ ಬರೆದದ್ದು ಹುಡುಕಬೇಕು, ಅದರಲ್ಲಿ ಸಕ್ಕರೆ ಜಾಸ್ತಿ. ಬ್ರೂಟ್‌ಗೆ ಬೇಕಾದದ್ದು ಉಪ್ಪು ಮತ್ತು ಎಣ್ಣೆ. ಅಂದರೆ ನಮ್ಮ ಗೋಳಿಬಜೆ! ಮೈದಾ, ಮೊಸರು, ಶುಂಠಿ, ಹಸಿಮೆಣಸು ಹಾಕಿ ಕಲಸಿ ಬಿಸಿಬಿಸಿ ಕರಿದ ಗೋಳಿಬಜೆ ಒಂದು ಬಾಯಿಗೆ ಹಾಕಿ, ಮೇಲಿಂದ ತಣ್ಣಗಿನ ಒಂದು ಗುಟುಕು. ಹುಳಿಯೂ ಗುಳ್ಳೆಯೂ ಸೇರಿ ನಾಲಿಗೆಯ ಮೇಲಿನ ಎಣ್ಣೆಯನ್ನು ತೊಳೆದುಬಿಡುತ್ತವೆ, ಮತ್ತೆ ಇನ್ನೊಂದು ಗೋಳಿಬಜೆ ಬೇಕು ಅನಿಸುತ್ತದೆ. ಚಕ್ಕುಲಿ, ಕೋಡುಬಳೆ ಆಗುತ್ತದೆ. ಬಟಾಟಾ ವಡಾ ಆಗುತ್ತದೆ, ಬೆಳ್ಳುಳ್ಳಿ ಚಟ್ನಿ ಕಡಿಮೆ ಇರಲಿ. ಮೀನು ತಿನ್ನುವವರಿಗೆ ಕಾಣೆಯ ರವಾ ಫ್ರೈ, ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಇನ್ನೂ ಸಿಕ್ಕಿಲ್ಲ. ಆದರೆ ಕೋಳಿ ಸುಕ್ಕ, ಗಸಿಯಂಥ ಖಾರದ್ದು ಬೇಡ. ಖಾರದ ಮೇಲೆ ಗುಳ್ಳೆ ಬಿದ್ದರೆ ನಾಲಿಗೆ ಇನ್ನೂ ಉರಿಯುತ್ತದೆ.

ಕುಡಿಯದವರಿಗೂ ಅದೇ ಗ್ಲಾಸ್ ಕೊಡಿ, ಇದು ನನ್ನ ಕಳಕಳಿಯ ಮಾತು. ಅಮ್ಮನಿಗೆ ನಾವು ಪುನರ್ಪುಳಿ ಶರಬತ್ತಿಗೆ ತಣ್ಣನೆ ಸೋಡಾ ಹಾಕಿ ಅದೇ ಉದ್ದ ಗ್ಲಾಸಿನಲ್ಲಿ ಕೊಡುತ್ತೇವೆ, ಬಣ್ಣ ರೋಸೆಗಿಂತ ಚಂದ. ಗ್ಲಾಸ್ ತೊಳೆದ ಮೇಲೆ ಸೋಪು ಪೂರ್ತಿ ಹೋಗುವ ಹಾಗೆ ಜಾಲಿಸಿ, ಸೋಪಿನ ಪಸೆ ಉಳಿದರೆ ನೊರೆ ಹಾಕಿದ ತಕ್ಷಣ ಸಾಯುತ್ತದೆ. ಒಂದು ಬಾಟಲಿಯಲ್ಲಿ 750 ಮಿಲಿ, ಆರು ಜನಕ್ಕೆ ಒಂದೊಂದು ಗ್ಲಾಸ್ ಸರಿಯಾಗುತ್ತದೆ. ಉಳಿದರೆ ಬಾಟಲಿ ಬಾಯಿಗೆ ಚಮಚ ಇಟ್ಟರೆ ಗ್ಯಾಸ್ ಹೋಗುವುದಿಲ್ಲ ಅಂತ ಹೇಳುತ್ತಾರೆ, ಅದರಿಂದ ಏನೂ ಉಪಯೋಗ ಇಲ್ಲ.

ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಚಿಕ್ಕಮ್ಮನ ಮಗ ಎಲ್ಲ ಬಿಟ್ಟು ಗೋವಾಕ್ಕೆ ಹೋದಾಗ ಪಣಜಿಯಲ್ಲಿ ಪ್ರೊಸೆಕ್ಕೊ ಅನ್ನುವ ಇಟಲಿಯ ಸ್ಪಾರ್ಕ್ಲಿಂಗ್ ವೈನ್ ತೆಗೆದೆವು. ಅದರ ಗುಳ್ಳೆ ಬಾಟಲಿಯಲ್ಲಿ ಅಲ್ಲ, ದೊಡ್ಡ ಟ್ಯಾಂಕಿನಲ್ಲಿ ಹುಟ್ಟುವುದು, ಹಾಗಾಗಿ ಬ್ರೆಡ್ಡಿನ ವಾಸನೆ ಇರುವುದಿಲ್ಲ, ಹಣ್ಣಿನ ರುಚಿ ಮುಂದೆ ಬರುತ್ತದೆ. ಲೇಬಲ್ ಮೇಲೆ ಎಕ್ಸ್‌ಟ್ರಾ ಡ್ರೈ ಅಂತ ಇತ್ತು. ಈ ಹೆಸರು ನಂಬಬೇಡಿ, ಬ್ರೂಟ್‌ಗಿಂತ ಅದು ಸಿಹಿ. ಚೆನ್ನಾಗಿತ್ತು, ಆದರೆ ಮನಸ್ಸಿನಲ್ಲಿ ಉಳಿಯಲಿಲ್ಲ. ಗೋವಾದಲ್ಲಿ ಬೆಲೆ ಕಡಿಮೆ ಅಂತ ಡಿಕ್ಕಿ ತುಂಬ ತರಲು ಹೋಗಬೇಡಿ, ಪರ್ಮಿಟ್ ಇಲ್ಲದೆ ಮಹಾರಾಷ್ಟ್ರದ ಗಡಿ ದಾಟಿಸುವುದು ಅಪರಾಧ.

ಕೊನೆಗೆ ಮಾವ. 2023ರ ಡಿಸೆಂಬರ್‌ನಲ್ಲಿ ಅವರು ಕೆಲಸ ಬಿಟ್ಟು ಊರಿಗೆ ಹೊರಟರು, ನಲವತ್ತು ವರ್ಷ ಆಗಿತ್ತು ಮುಂಬೈಗೆ ಬಂದು. ಹೊರಡುವ ಹಿಂದಿನ ದಿನ ನಮ್ಮ ಮನೆಗೆ ಕರೆದೆವು. ಯಾವುದು ತರಲಿ ಮಾವ ಅಂತ ಮೊದಲೇ ಫೋನ್ ಮಾಡಿ ಕೇಳಿದ್ದೆ. ಒಮರ್ ಖಯ್ಯಾಮ್ ಸಿಗ್ತದಾ ನೋಡು ಅಂದರು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆದರೆ ನಾಸಿಕ್‌ನ ಈ ಬಾಟಲಿಗಳೆಲ್ಲ ಬರುವ ಮೊದಲೇ, 1980ರ ದಶಕದಲ್ಲಿ, ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ ಶ್ಯಾಮರಾವ್ ಚೌಗುಲೆ ಅವರ ಇಂಡೇಜ್ ಕಂಪನಿ ಫ್ರಾನ್ಸಿನ ಶಾಂಪೇನ್ ಮನೆತನವೊಂದರ ತಾಂತ್ರಿಕ ಸಹಾಯದಿಂದ ಸ್ಪಾರ್ಕ್ಲಿಂಗ್ ವೈನ್ ಮಾಡಿತ್ತು, ಹೊರದೇಶಕ್ಕೂ ಕಳಿಸಿತ್ತು. ಒಮರ್ ಖಯ್ಯಾಮ್ ಆ ವೈನಿನ ಹೆಸರು. ಮಾವ ಮೊದಲ ಸಲ ಬಿರಡೆ ತೆಗೆಯಲು ಕಲಿತದ್ದು ಅದರ ಮೇಲೆ. ಆ ಕಂಪನಿ ನಿಂತು ಎಷ್ಟೋ ವರ್ಷ ಆಯಿತು, ಥಾಣೆ, ಮುಲುಂಡ್, ದಾದರ್ ಎಲ್ಲ ಕಡೆ ಕೇಳಿದೆ, ಅಂಗಡಿಯ ಹುಡುಗರಿಗೆ ಹೆಸರೂ ಗೊತ್ತಿರಲಿಲ್ಲ. ಕೊನೆಗೆ ಫ್ರಾಟೆಲ್ಲಿಯ ಗ್ರಾನ್ ಕ್ಯೂವೆ ಬ್ರೂಟ್ ತಂದೆ. ಸೊಲ್ಲಾಪುರ ಜಿಲ್ಲೆಯ ಅಕಲೂಜ್‌ನದು, ಅಲ್ಲಿನ ಮೋಹಿತೆ ಪಾಟೀಲರೂ ಇಟಲಿಯ ಅಣ್ಣತಮ್ಮಂದಿರೂ ಸೇರಿ ಶುರು ಮಾಡಿದ ಕಂಪನಿ, ಫ್ರಾಟೆಲ್ಲಿ ಅಂದರೆ ಇಟಲಿಯ ಭಾಷೆಯಲ್ಲಿ ಅಣ್ಣತಮ್ಮಂದಿರು. ಸೊಲ್ಲಾಪುರ ಅಂದ ತಕ್ಷಣ ಮಾವ, "ಅಲ್ಲಿ ನಮ್ ಭಾಷೆ ನಡೀತದಲ್ಲ" ಅಂದರು.

ಅಮ್ಮ ಗೋಳಿಬಜೆ ಹಾಕುತ್ತಿದ್ದಳು. ಬಾಟಲಿ ಮೇಜಿನ ಮೇಲಿಟ್ಟ ಕೂಡಲೇ ಮಾವ ಎದ್ದು ನಿಂತು ಟವೆಲ್ ಕೇಳಿದರು. ಅಭ್ಯಾಸ. ಅಕ್ಕ ಅವರ ಹೆಗಲು ಹಿಡಿದು ಕೂರಿಸಿದಳು. "ಮಾವ, ಇವತ್ತು ನಾನು." ಅವಳು ತಂತಿಯನ್ನು ಆರು ಅರ್ಧ ಸುತ್ತು ತಿರುಗಿಸಿದಳು, ಹೆಬ್ಬೆರಳು ಇಟ್ಟಳು, ತಳ ತಿರುಗಿಸಿದಳು. ಮಾವ ಅವಳ ಕೈಯನ್ನೇ ನೋಡುತ್ತಿದ್ದರು. ಉಸ್ ಅಂದಾಗ ತಲೆ ಆಡಿಸಿದರು. ಅವಳು ಗ್ಲಾಸನ್ನು ಓರೆ ಮಾಡಿ ಮೆಲ್ಲಗೆ ಹಾಕಿ, ನೊರೆ ಇಳಿಯುವವರೆಗೆ ಕಾದು ಮತ್ತೆ ತುಂಬಿಸಿ, ಬಲಗಡೆಯಿಂದ ತಂದು ಅವರ ಮುಂದೆ ಇಟ್ಟಳು. ಬಲಗಡೆಯಿಂದ ಕೊಡಬೇಕು ಅಂತ ಅವರೇ ಒಮ್ಮೆ ಹೇಳಿದ್ದರು. ಮಾವ ಸ್ವಲ್ಪ ಹೊತ್ತು ಗ್ಲಾಸ್ ಮುಟ್ಟಲೇ ಇಲ್ಲ. "ನಲವತ್ತು ವರ್ಷ ಬೇರೆಯವ್ರಿಗೆ ಹಾಕಿಕೊಟ್ಟೆ. ನಂಗೆ ಯಾರೂ ಹಾಕಿಕೊಟ್ಟಿರ್ಲಿಲ್ಲ" ಅಂದರು. ಅಮ್ಮ ಬಾಣಲೆ ಬಿಟ್ಟು ಬಾಗಿಲಲ್ಲಿ ಬಂದು ನಿಂತಿದ್ದಳು.

ವೈನ್ ಹೇಗಿತ್ತು ಅಂದರೆ, ಪೇರಳೆ, ನಿಂಬೆ, ಕೊನೆಯಲ್ಲಿ ಹುರಿದ ಬಾದಾಮಿಯ ಹಾಗೆ ಸ್ವಲ್ಪ. ಸುಲಾಗಿಂತ ಸ್ವಲ್ಪ ತೂಕ ಇದೆ, ಚಂದೋನ್‌ನಷ್ಟು ನಯ ಇಲ್ಲ. ಗೋಳಿಬಜೆಗೆ ಮೂರರಲ್ಲಿ ಇದೇ ಮೇಲು. ಮಾವ ಎರಡು ಗ್ಲಾಸ್ ಕುಡಿದರು, ಒಮರ್ ಖಯ್ಯಾಮ್ ನೆನಪಾಗ್ತದಾ ಅಂತ ನನ್ನ ಗಂಡ ಕೇಳಿದಾಗ, "ಅದನ್ನ ನಾನು ತೆಗೆದದ್ದು ಮಾತ್ರ, ಕುಡಿದವ ಅಲ್ಲ. ರುಚಿ ಗೊತ್ತಾದದ್ದು ಇದ್ರದ್ದೇ" ಅಂದರು.

ಮರುದಿನ ಮಧ್ಯಾಹ್ನ ಥಾಣೆ ಸ್ಟೇಷನ್ನಿನಲ್ಲಿ ಮತ್ಸ್ಯಗಂಧಾ ಹತ್ತಿಸಿದೆವು. ಎರಡು ಸೂಟ್‌ಕೇಸು, ಒಂದು ಚೀಲ. ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಚಪಾತಿ, ಪಲ್ಯ, ಖಾಲಿ ಬಾಟಲಿ ಒಂದು. ಅದನ್ನು ಯಾಕೆ ಒಯ್ಯುತ್ತೀರಿ ಅಂತ ಅಕ್ಕ ಕೇಳಿದಳು. ಊರಿನ ಮನೆಯಲ್ಲಿ ಎಣ್ಣೆ ಹಾಕಿಡಲು ಆಗುತ್ತದೆ, ಗಾಜು ಗಟ್ಟಿ ಉಂಟು ಅಂದರು.